ಕಾಡುಕೋಣದ ಮುಂದೆ ಅವ್ವ

ಬಸ್ಸಿಗೆ ಎಮ್ಮೆ ಅಡ್ಡ ಬಂದರೆ ನಮ್ಮ ಅವ್ವ ಇಳಿದೇ ಇಳಿಯುವವಳು. ಇದನ್ನು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಮುಂದಿನದನ್ನು ಕೇಳಿದವರು ಅವಳಿಗೆ ತಲೆ ಸರಿಯಿರಲಿಲ್ಲ ಅಂದುಕೊಳ್ಳುತ್ತಾರೆ. ಅಂದು ತಲೆ ಸರಿಯಿಲ್ಲದ್ದು ಅವಳಿಗಲ್ಲ.

ನನ್ನ ತವರು ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯಲ್ಲಿ, ಕಾಲುವೆಗೆ ಹತ್ತಿಕೊಂಡಿರುವ ಒಂದು ಹಳ್ಳಿ. ಕಾಲುವೆಗೆ ನೀರು ಬಿಟ್ಟ ಮೇಲೆ ಜೋಳದ ಹೊಲಗಳು ಭತ್ತದ ಗದ್ದೆಗಳಾದವು, ಮನೆಗೆ ಒಂದಿದ್ದ ಎಮ್ಮೆ ಮೂರಾದವು. ಸಂಜೆಯಾದರೆ ಊರಿನ ಎಮ್ಮೆಗಳೆಲ್ಲ ನೀರಿನಿಂದೆದ್ದು, ಮೈಯಿಂದ ನೀರು ಸೋರಿಸುತ್ತಾ, ಕಾಲುವೆಯ ಸೇತುವೆ ಮೇಲೆ ಬಂದು ನಿಂತುಬಿಡುತ್ತಿದ್ದವು. ಹಾರ್ನ್ ಹೊಡೆಯುವಂತಿಲ್ಲ. ಒಮ್ಮೆ ಯಾರೋ ಹೊಸ ಡ್ರೈವರು ಹೊಡೆದು, ಗಬ್ಬಾದ ಎಮ್ಮೆಯೊಂದು ಸೇತುವೆಯಿಂದ ಕೆಳಗೆ ಜಿಗಿದು ಕಾಲು ಮುರಿದುಕೊಂಡಿತ್ತು. ಅಂದಿನಿಂದ ಡ್ರೈವರುಗಳು ಅಲ್ಲಿ ಇಂಜಿನ್ ಬಂದ್ ಮಾಡಿ ಹಿಂದೆ ತಿರುಗಿ ನೋಡುತ್ತಿದ್ದರು. ಎಮ್ಮೆ ಕಟ್ಟಿದವರು ಯಾರಾದರೂ ಇಳಿದು ದಾರಿ ಬಿಡಿಸಬೇಕು, ಅದೇ ರೂಢಿ. ಎಮ್ಮೆ ಯಾರದೇ ಇರಲಿ, ಬಸ್ಸಿನಲ್ಲಿ ಅವ್ವ ಇದ್ದರೆ ಇಳಿಯುತ್ತಿದ್ದವಳು ಅವ್ವನೇ.

“ಇಷ್ಟ ಮಂದಿ ಗಂಡಸರು ಕುಂತೀರಿ, ಕುಂಡಿಗೆ ಅಂಟು ಹಚ್ಚಿಕೊಂಡೀರೇನು?” ಎಂದು ಕೇಳಿಯೇ ಅವಳು ಮೆಟ್ಟಿಲಿಳಿಯುತ್ತಿದ್ದದ್ದು. ಸೀರೆಯ ನೆರಿಗೆ ಮೇಲಕ್ಕೆ ಸಿಕ್ಕಿಸಿ, ಮುಂದಿನ ಎಮ್ಮೆಯ ಬೆನ್ನಿನ ಮೇಲೆ ಅಂಗೈ ಇಟ್ಟು, “ನಡಿಯವ್ವ, ನಡಿ ನನ್ನವ್ವ” ಎನ್ನುತ್ತಿದ್ದಳು. ಬಡಿಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಬೈಗುಳವೆಲ್ಲ ಬಸ್ಸಿನಲ್ಲಿ ಕೂತವರಿಗೆ ಮೀಸಲು. ಕಾಲೇಜಿಗೆ ಹೋಗುವ ದಿನಗಳಲ್ಲಿ ನನಗೆ ಇದರಿಂದ ಜೀವ ಹೋದಷ್ಟು ನಾಚಿಕೆಯಾಗುತ್ತಿತ್ತು. ಕಾಲಿನ ತುಂಬ ಕೆಸರು ಮೆತ್ತಿಕೊಂಡು ಬಂದು ಅವಳು ಪಕ್ಕದಲ್ಲಿ ಕೂತರೆ ನಾನು ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದೆ.

ಮುಂದೆ ನನಗೆ ರಾಮಸಮುದ್ರದ ಶಾಲೆಯಲ್ಲಿ ಟೀಚರ್ ನೌಕರಿ ಸಿಕ್ಕಿತು, ಯಾದಗಿರಿಯಲ್ಲಿ ಮನೆ ಮಾಡಿದೆವು. ನನ್ನ ಗಂಡ ಅಲ್ಲೇ ಒಂದು ಕಚೇರಿಯಲ್ಲಿ ಗುಮಾಸ್ತ. ಅವರು ಬೇರೆ ಯಾರೂ ಅಲ್ಲ, ಅವ್ವನ ಬೆನ್ನಿಗೆ ಹುಟ್ಟಿದ ತಮ್ಮ. ಸೋದರಮಾವನಿಗೆ ಹೆಣ್ಣು ಕೊಡುವುದು ನಮ್ಮ ಕಡೆ ಹೊಸದಲ್ಲ. ಹೀಗಾಗಿ ಅಳಿಯ ಎಂಬ ಬಿಗುಮಾನ ನಮ್ಮ ಮನೆಯಲ್ಲಿ ಇರಲೇ ಇಲ್ಲ. ಅವ್ವ ಅವರನ್ನು ಮದುವೆಯಾದ ಮೇಲೂ ಕಿವಿ ಹಿಡಿದು ಬೈಯುತ್ತಿದ್ದಳು, ಅವರು “ಆತು ಬಿಡಕ್ಕಾ” ಎಂದು ನಗುತ್ತಿದ್ದರು.

ಕ್ಯಾಮರಾ ಹುಚ್ಚು ನನಗೆ ಹತ್ತಿದ್ದು ಶಾಲೆಯಿಂದ. ನಮ್ಮ ಶಾಲೆಯಲ್ಲಿ ಕಾಡುಪ್ರಾಣಿಗಳ ಒಂದು ಚಾರ್ಟ್ ಇತ್ತು. ಅದರೊಳಗಿನ ಹುಲಿ ಕಾಮಾಲೆಯಾದ ನಾಯಿಯಂತೆ ಕಾಣುತ್ತಿತ್ತು. ಅದನ್ನು ತೋರಿಸಿ “ಇದು ನಮ್ಮ ರಾಷ್ಟ್ರೀಯ ಪ್ರಾಣಿ” ಎನ್ನಲು ನನಗೇ ಮುಜುಗರ. ಯಾದಗಿರಿಯ ಸ್ಟೇಷನ್ ರಸ್ತೆಯಲ್ಲಿದ್ದ ಸ್ಟುಡಿಯೋದವನಿಂದ ಒಂದು ಹಳೆಯ ಕ್ಯಾಮರಾ ಕೊಂಡೆ. ರೀಲು ಹಾಕಿ, ಒಂದು ಫೋಟೋ ತೆಗೆದ ಮೇಲೆ ಹೆಬ್ಬೆರಳಿನಿಂದ ಹಿಡಿಕೆ ಎಳೆದು ರೀಲು ಮುಂದೆ ಸರಿಸಿ, ಆಮೇಲೆ ಇನ್ನೊಂದು ತೆಗೆಯಬೇಕು. ನನಗೆ ಅದು ಕೈಗೆ ಬಂದ ಮೇಲೆ ಕಣ್ಣಿಗೆ ಬಿದ್ದದ್ದನ್ನೆಲ್ಲ ಚೌಕಟ್ಟಿನೊಳಗೆ ಇಟ್ಟು ನೋಡುವ ಚಟ ಹತ್ತಿತು. ಅಡುಗೆ ಮನೆಯಲ್ಲಿ ರೊಟ್ಟಿ ಸೀದು ಹೋಗುತ್ತಿದ್ದರೆ, ಹೊಗೆಯ ಮೇಲೆ ಬಿದ್ದ ಬಿಸಿಲು ಚಂದ ಕಂಡಿತೆಂದು ಫೋಟೋ ತೆಗೆದವಳು ನಾನು.

ಆ ಬೇಸಿಗೆ ರಜೆಗೆ ಹೈದರಾಬಾದಿಗೆ ಹೊರಟೆವು. ಊರಿನ ಹೊರಗೆ ದೊಡ್ಡದೊಂದು ಮೋಜಿನ ಪಾರ್ಕ್ ಆಗಿದೆ, ಅದರಲ್ಲಿ ಬಸ್ಸಿನೊಳಗೆ ಕೂತು ಪ್ರಾಣಿಗಳನ್ನು ನೋಡುವ ಸಫಾರಿ ಇದೆ ಎಂದು ಯಾರೋ ಹೇಳಿದ್ದರು. ನಮ್ಮಿಬ್ಬರ ಜೊತೆಗೆ ಏಳು ವರ್ಷದ ಮಗಳು, ಮತ್ತು ಅವ್ವ. ಎಮ್ಮೆಗಳ ಹಾಲು ಕರೆಯಬೇಕೆಂದು ಅಪ್ಪ ಮನೆಯಲ್ಲೇ ಉಳಿದ. ಅವ್ವ ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ರೈಲು ಹತ್ತಿದಳು. ದಾರಿಯುದ್ದಕ್ಕೂ, “ದನ ನೋಡಾಕ ಇಷ್ಟ ದೂರ ಹೋಗೋದಾ? ನಮ್ಮ ಕೊಟ್ಟಿಗಿಗೆ ಬರ್ರಿ, ಪುಕ್ಕಟ ತೋರಸ್ತೀನಿ” ಎಂದು ತಮ್ಮನನ್ನು ಕಾಡಿದಳು.

ಪಾರ್ಕಿನ ಒಳಗೆ ನೀರಿನ ಜಾರುಬಂಡೆ, ತಿರುಗುವ ತೊಟ್ಟಿಲು ಎಲ್ಲ ಮುಗಿಸಿ ಮಧ್ಯಾಹ್ನ ಸಫಾರಿಯ ಸಣ್ಣ ಬಸ್ಸು ಹತ್ತಿದೆವು. ಬಸ್ಸೆಂದರೆ ಅವ್ವನಿಗೆ ವಾಂತಿ. ನಿಂಬೆಹಣ್ಣು ಮೂಗಿಗೆ ಹಿಡಿದುಕೊಂಡು, ಗಾಳಿ ಬರಲೆಂದು, ಬರೀ ಚಿಲಕ ಹಾಕಿದ್ದ ಹಿಂಬಾಗಿಲಿನ ಪಕ್ಕದ ಸೀಟೇ ಬೇಕೆಂದು ಅಲ್ಲಿ ಕೂತಳು. ನನ್ನ ಗಂಡ ಮತ್ತು ಮಗಳು ನಡುವಿನಲ್ಲಿ ಕೂತರು. ಬಸ್ಸು ಹೊರಡುವ ಮೊದಲು ಗೈಡ್ ತೆಲುಗಿನಲ್ಲೊಮ್ಮೆ ಹಿಂದಿಯಲ್ಲೊಮ್ಮೆ, ಯಾವ ಕಾರಣಕ್ಕೂ ಕೆಳಗಿಳಿಯಬಾರದು ಎಂದು ಹೇಳಿ ಇಳಿದು ಹೋದ. ಅವ್ವನಿಗೆ ಎರಡೂ ಬರುವುದಿಲ್ಲ. ಅವಳಿಗೆ ಕನ್ನಡದಲ್ಲಿ ಹೇಳಬೇಕಾದವಳು ನಾನು. ನಾನಾಗ ರೀಲು ಹಾಕುತ್ತಿದ್ದೆ.

ಮೊದಲು ಸಿಂಹಗಳ ಆವರಣ. ಕಿಟಕಿಗೆ ಕಬ್ಬಿಣದ ಜಾಳಿಗೆ. ಎರಡು ಸಿಂಹಗಳು ಮದುವೆಯೂಟ ಮುಗಿಸಿದ ಬೀಗರ ಹಾಗೆ ನೆರಳಿನಲ್ಲಿ ಮಲಗಿದ್ದವು. ಎದ್ದು ನಿಂತದ್ದು ಒಂದೇ, ಅದೂ ನಮ್ಮ ಕಡೆ ಬಾಲ ತಿರುಗಿಸಿ. ನಾನು ಸಿಟ್ಟಿಗೆದ್ದು ಬಾಲದ್ದೇ ಎರಡು ಫೋಟೋ ತೆಗೆದೆ. ಮುಂದಿನ ಆವರಣದಲ್ಲಿ ಹುಲಿಯೊಂದು ಬೇಲಿಯ ಮಗ್ಗುಲಿಗೆ ಅತ್ತಿಂದಿತ್ತ ಓಡಾಡುತ್ತಿತ್ತು. ಪ್ರತಿ ಸಲ ನಾನು ಗುಂಡಿ ಒತ್ತುವಾಗಲೂ ಪಕ್ಕದವರ ಮಗುವಿನ ಬೆರಳು ಅಡ್ಡ ಬಂತು. ಹೀಗೆ ಅರ್ಧ ರೀಲು ಹಾಳಾಯಿತು. ನಾನು ಎಷ್ಟು ಗೊಣಗಿದೆನೆಂದರೆ ಡ್ರೈವರನಿಗೇ ಕನಿಕರ ಬಂತು. ಹುಲ್ಲು ತಿನ್ನುವ ಪ್ರಾಣಿಗಳ ಆವರಣಕ್ಕೆ ಬಂದಾಗ, ಮುಂದೆ ಬಂದು ತನ್ನ ಪಕ್ಕದ ಬಾನೆಟ್ಟಿನ ಮೇಲೆ ಕೂತುಕೊಳ್ಳಿ, ದೊಡ್ಡ ಗಾಜಿನಿಂದ ಚೆನ್ನಾಗಿ ಬರುತ್ತದೆ ಎಂದ. ನಾನು ಓಡಿ ಹೋಗಿ ಕೂತೆ.

ಜಿಂಕೆಗಳು ಸಿಕ್ಕವು, ಒಂದು ಕಡವೆ ಸಿಕ್ಕಿತು. ಆಮೇಲೆ ಒಂದು ತಿರುವಿನಲ್ಲಿ ಬಸ್ಸು ನಿಂತಿತು. ದಾರಿಯ ನಡುವೆ ಮೂರು ಕಾಡುಕೋಣಗಳು ನಿಂತಿದ್ದವು. ಮುಂದಿನದು ಗಂಡು. ಅಂಥ ಪ್ರಾಣಿಯನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಭುಜ ಬಸ್ಸಿನ ಗಾಜಿನ ಎತ್ತರಕ್ಕಿತ್ತು. ಕಪ್ಪು ಮೈ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು, ಮೊಣಕಾಲಿನಿಂದ ಕೆಳಗೆ ಬಿಳಿ. ಡ್ರೈವರ್ ಇಂಜಿನ್ ಬಂದ್ ಮಾಡಿದ. ಹಾರ್ನ್ ಹೊಡೆದರೆ ಕೆರಳುತ್ತದೆ, ತಾನಾಗಿಯೇ ಹೋಗುತ್ತದೆ, ಕಾಯೋಣ ಎಂದು ಪಿಸುಗುಟ್ಟಿದ. ಅಷ್ಟೇ ಅಲ್ಲ, ಎಲ್ಲರೂ ಸುಮ್ಮನಿದ್ದಾರೋ ಇಲ್ಲವೋ ಎಂದು ಹಿಂದೆ ತಿರುಗಿ ಒಮ್ಮೆ ನೋಡಿದ.

ಅವನು ಹಾಗೆ ನೋಡಬಾರದಿತ್ತು. ಆದರೆ ಅವನಿಗೇನು ಗೊತ್ತು ಪಾಪ. ಕಪ್ಪು ಬೆನ್ನಿನ ದನ ದಾರಿಗೆ ಅಡ್ಡ ನಿಂತು, ಇಂಜಿನ್ ಬಂದ್ ಮಾಡಿ, ಡ್ರೈವರ್ ಹಿಂದೆ ತಿರುಗಿ ನೋಡಿದರೆ ಅದರ ಅರ್ಥ ಏನೆಂದು ಆ ಬಸ್ಸಿನಲ್ಲಿ ಒಬ್ಬಳಿಗೆ ಮಾತ್ರ ಗೊತ್ತಿತ್ತು.

ನಾನು ಕಣ್ಣಿಗೆ ಕ್ಯಾಮರಾ ಒತ್ತಿಕೊಂಡಿದ್ದೆ. ಕೋಣ ಚೌಕಟ್ಟಿನ ತುಂಬ ನಿಂತಿತ್ತು. ಎಡಗಡೆಯ ಅಂಚಿನಲ್ಲಿ ಏನೋ ಹಸಿರು ಬಣ್ಣ ನುಸುಳಿತು. ಯಾರೋ ಅಡ್ಡ ಬಂದರಲ್ಲ ಎಂದು ಹಲ್ಲು ಕಡಿದೆ, ಆದರೂ ಗುಂಡಿ ಒತ್ತಿದೆ. ರೀಲು ಸರಿಸಿದೆ. ಮತ್ತೆ ನೋಡಿದಾಗ ಹಸಿರು ಸೀರೆ ನಡುವಿಗೆ ಬಂದಿತ್ತು. ಬೆನ್ನು, ತುರುಬು, ಮೇಲಕ್ಕೆ ಸಿಕ್ಕಿಸಿದ ನೆರಿಗೆ, ಕೆಳಗೆ ಬಿರುಕು ಬಿಟ್ಟ ಹಿಮ್ಮಡಿ. ಆ ಹಿಮ್ಮಡಿಗಳನ್ನು ನಾನು ಗುರುತಿಸಿದೆ. ಅವ್ವ ಎಂದು ನನಗೆ ಗೊತ್ತಾಯಿತು. ಇಲ್ಲಿ ಸುಳ್ಳು ಹೇಳಲಾರೆ, ಪೂರ್ತಿಯಾಗಿ ಗೊತ್ತಾಯಿತು. ಗೊತ್ತಾಗಿಯೂ ಒತ್ತಿದೆ. ಅಷ್ಟು ದೊಡ್ಡ ಪ್ರಾಣಿಯ ಮುಂದೆ ಅಷ್ಟು ಸಣ್ಣ ಹೆಂಗಸು, ಎಂಥ ಫೋಟೋ ಇದು ಎಂದು ಮನಸ್ಸು ಹೇಳುತ್ತಿತ್ತು. ಹೆಬ್ಬೆರಳು ತಾನಾಗಿ ಹಿಡಿಕೆ ಎಳೆಯಿತು. ಅವ್ವ ಅಂಗೈ ಎತ್ತಿದಳು. ಕೋಣ ತಲೆ ತಗ್ಗಿಸಿತು. ಮೂರನೆಯದನ್ನೂ ತೆಗೆದೆ.

“ಪಪ್ಪಾ, ಆಯಿ ಇಳದಾಳ” ಎಂದಿತು ಹಿಂದಿನಿಂದ ನನ್ನ ಮಗಳ ದನಿ. ಅಜ್ಜಿಯನ್ನು ಅವಳು ಆಯಿ ಎನ್ನುತ್ತಿದ್ದಳು.

“ಅಕ್ಕಾ” ಎಂದು ನನ್ನ ಗಂಡ ಕೂಗಿದರು. ಆ ಕೂಗಿಗೆ ನಾನು ಕ್ಯಾಮರಾ ಇಳಿಸಿದೆ. ಬರಿಗಣ್ಣಿಗೆ ಕಂಡದ್ದೇ ಬೇರೆ. ಚೌಕಟ್ಟಿನೊಳಗೆ ಚಂದವಾಗಿದ್ದ ದೂರ ಹೊರಗೆ ಎರಡು ಮಾರು ಮಾತ್ರ ಇತ್ತು. ಕೋಣದ ಮೂಗಿನಿಂದ ಬುಸ್ಸೆಂದು ಗಾಳಿ ಹೊರಟು ದಾರಿಯ ಧೂಳು ಅವ್ವನ ಕಾಲಿಗೆ ಹಾರಿತು.

ಅವ್ವ “ನಡಿಯವ್ವ” ಎಂದಿದ್ದು ನನಗೆ ಕೇಳಿಸಿತು. ಕೋಣದ ಮುಂದೆ ಕಿನ್ನರಿ ಬಾರಿಸುವುದು ಎಂದು ನಾವು ಎಷ್ಟು ಸಲ ಆಡಿಕೊಂಡಿದ್ದೇವೆ, ಅಂದು ನೋಡಿದೆ. ಅದು ಮುಂಗಾಲಿನಿಂದ ನೆಲ ಕೆರೆಯಿತು. ಆಗ ಅವಳಿಗೆ ತಿಳಿಯಿತು. ಎತ್ತಿದ ಕೈಯನ್ನು ನಿಧಾನವಾಗಿ ಇಳಿಸಿದಳು. ಓಡಲಿಲ್ಲ, ಬೆನ್ನು ತಿರುಗಿಸಲಿಲ್ಲ. ಹಾಯುವ ದನಕ್ಕೆ ಬೆನ್ನು ತೋರಿಸಬಾರದು ಎಂಬುದು ಅವಳಿಗೆ ಹುಟ್ಟಿನಿಂದ ಗೊತ್ತು. ಒಂದೊಂದೇ ಹೆಜ್ಜೆ ಹಿಂದಕ್ಕೆ ಇಟ್ಟಳು. ಡ್ರೈವರ್ ಇಂಜಿನ್ ಹಚ್ಚಿ ಬಸ್ಸನ್ನು ಅವಳಿಗೂ ಕೋಣಕ್ಕೂ ನಡುವೆ ತೂರಿಸಿದ. ಅದು ಒಂದು ಸಲ ಕೊಂಬಿನಿಂದ ಬಸ್ಸಿನ ಮಗ್ಗುಲಿಗೆ ಗುದ್ದಿತು, ಒಳಗಿದ್ದವರೆಲ್ಲ ಸೀಟು ಬಿಟ್ಟು ಎದ್ದರು. ಅಷ್ಟರಲ್ಲಿ ನನ್ನ ಗಂಡ ಹಿಂಬಾಗಿಲಿನಿಂದ ಬಾಗಿ ಅಕ್ಕನ ಎರಡೂ ಮುಂಗೈ ಹಿಡಿದು ಒಳಗೆ ಎಳೆದುಕೊಂಡರು.

ಆ ಎಳೆದಾಟದಲ್ಲಿ ಅವಳ ಬಳೆಗಳೆಲ್ಲ ಹೆಚ್ಚಿದವು. ಮುತ್ತೈದೆಯ ಬಳೆ ಒಡೆದವು ಎಂದು ನಮ್ಮಲ್ಲಿ ಯಾರೂ ಅನ್ನುವುದಿಲ್ಲ. ಬಸ್ಸಿನವರು ತೆಲುಗಿನಲ್ಲಿ, ಹಿಂದಿಯಲ್ಲಿ ಬೈದರು. ಗೇಟಿನ ಹತ್ತಿರ ಪಾರ್ಕಿನ ಸಾಹೇಬನೊಬ್ಬ ನನ್ನ ಗಂಡನಿಂದ ತಪ್ಪೊಪ್ಪಿಗೆ ಬರೆಸಿಕೊಂಡ. ಅವ್ವ ಇದಾವುದಕ್ಕೂ ಕಿವಿಗೊಡಲಿಲ್ಲ. ರಕ್ತ ಜಿನುಗುತ್ತಿದ್ದ ಬರಿಗೈ ನೋಡಿಕೊಂಡು, “ಮನ್ಯಾಗ ಅವರೊಬ್ರೇ ಅದಾರ. ನಾ ಬರಿಗೈಲಿ ಹೋಗಂಗಿಲ್ಲ ತಮ್ಮಾ, ಮೊದಲ ಬಳಿ ಇಡಸು” ಎಂದಳು. ಕೋಣಕ್ಕೆ ಹೆದರದವಳ ಗಲ್ಲ ನಡುಗುತ್ತಿತ್ತು. ಸಂಜೆ ಬಳೆ ಅಂಗಡಿಯಲ್ಲಿ ಹಸಿರು ಬಳೆ ಇಡಿಸಿಕೊಂಡ ಮೇಲೆಯೇ ಅವಳು ನೀರು ಕುಡಿದಳು.

ವಾಪಸು ರೈಲಿನಲ್ಲಿ ಮಗಳು ಅವಳ ತೊಡೆಯ ಮೇಲೆ ನಿದ್ದೆ ಹೋದಳು. ಅವ್ವ ನನ್ನನ್ನು ಕೇಳಿದಳು.

“ನೀ ಮುಂದ ಕುಂತಿದ್ದಿ ಅಲ್ಲೇನು? ನಾ ಹೋಗೂದು ನಿನಗ ಕಾಣಲಿಲ್ಲೇನು?”

“ಇಲ್ಲವ್ವ. ನಾ ಆ ಕಡಿ ಜಿಂಕಿ ನೋಡಾಕತ್ತಿದ್ನಿ. ಅವರು ಒದರಿದಾಗ ನೋಡೀನಿ.”

ಎಷ್ಟು ಸಲೀಸಾಗಿ ಹೇಳಿದೆ. ಅವ್ವ ತಲೆಯಾಡಿಸಿದಳು.

“ಅದಕ್ಕ ಅಂತೀನಿ. ನೀ ನೋಡಿದ್ರ ಬಿಡ್ತಿದ್ದೇನು? ನನಗಿಂತ ಮೊದಲ ನೀ ಜಿಗೀತಿದ್ದಿ.”

ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ನನ್ನ ಗಂಡ ಮಗಳ ಚಪ್ಪಲಿ ಬಿಚ್ಚುತ್ತಿದ್ದರು. ಬಸ್ಸಿನಲ್ಲಿ ನಾನು ಎತ್ತ ನೋಡುತ್ತಿದ್ದೆನೆಂದು ಅವರಿಗೆ ಗೊತ್ತಿತ್ತೋ ಇಲ್ಲವೋ ನಾನು ಇಂದಿಗೂ ಕೇಳಿಲ್ಲ.

ಊರಿಗೆ ಹೋದ ಮೇಲೆ ಅವ್ವ ಈ ಕಥೆಯನ್ನು ಓಣಿಗೆಲ್ಲ ಹಂಚಿದಳು. ತನ್ನ ಹೆಡ್ಡತನಕ್ಕೆ ತಾನೇ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದಳು. ಆದರೆ ಯಾರಾದರೂ, “ಮಗಳು ಏನ್ ಮಾಡಾಕತ್ತಿದ್ಳು?” ಎಂದು ಕೇಳಿದರೆ ನಗು ನಿಲ್ಲಿಸಿ, “ಆಕಿ ನೋಡೇ ಇಲ್ಲ. ನೋಡಿದ್ರ ಕ್ವಾಣಕ್ಕ ಅಡ್ಡ ನಿಲ್ತಿದ್ಳು, ಹೊಟ್ಟ್ಯಾಗ ಹುಟ್ಟಿದಾಕಿ” ಎನ್ನುತ್ತಿದ್ದಳು. ನನ್ನ ಎದುರಿಗೇ ಎರಡು ಸಲ ಹಾಗೆಂದಳು. ಎರಡು ಸಲವೂ ನಾನು ಚಹಾ ಮಾಡುವ ನೆಪದಲ್ಲಿ ಒಳಗೆ ಎದ್ದು ಹೋದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಹೇಗಿರುತ್ತದೆಂದು ನನಗೆ ಆ ತಿಂಗಳು ಗೊತ್ತಾಯಿತು.

ಶಾಲೆ ಶುರುವಾದ ಮೇಲೆ ರೀಲು ತೊಳೆಯಲು ಕೊಟ್ಟೆ. ಫೋಟೋಗಳು ಬಂದಾಗ ಸಿಂಹದ ಬಾಲ, ಹುಲಿಯ ಮೇಲೆ ಮಗುವಿನ ಬೆರಳು, ಮಸುಕಾದ ಜಿಂಕೆ, ಹೀಗೆ ಒಂದೂ ಚೆನ್ನಾಗಿ ಬಂದಿರಲಿಲ್ಲ. ಚೆನ್ನಾಗಿ ಬಂದದ್ದು ಮೂರೇ. ಅವ್ವನ ಕುತ್ತಿಗೆಯ ಮೇಲಿನ ಬೆವರು ಕೂಡ ಕಾಣುವಷ್ಟು ಚೆನ್ನಾಗಿ. ಸ್ಟುಡಿಯೋದ ಮೆಟ್ಟಿಲ ಮೇಲೆಯೇ ಅವನ್ನು ಮತ್ತೆ ಲಕೋಟೆಗೆ ತುರುಕಿದೆ. ಆ ಮೂರನ್ನು ಶಾಲೆಯ ಬೀರುವಿನಲ್ಲಿ ಹಳೆಯ ಹಾಜರಿ ಪುಸ್ತಕಗಳ ಕೆಳಗೆ ಬಚ್ಚಿಟ್ಟೆ. ಮಕ್ಕಳಿಗೆ ಸಿಂಹದ ಬಾಲ ತೋರಿಸಿದೆ. ಅವರು ಹೊಟ್ಟೆ ಹಿಡಿದು ನಕ್ಕರು.

ಮಳೆಗಾಲ ಹಿಡಿದ ಮೇಲೆ ಅವ್ವ ಮೊಣಕಾಲು ನೋವೆಂದು ಯಾದಗಿರಿಯ ದವಾಖಾನೆಗೆ ತೋರಿಸಲು ಬಂದಳು. ತೋರಿಸಿಕೊಂಡು ನಾವಿಬ್ಬರೂ ಸ್ಟೇಷನ್ ರಸ್ತೆಯಲ್ಲಿ ನಡೆದು ಬರುತ್ತಿದ್ದೆವು. ಅವಳು ಕುಂಟುತ್ತಾ ನನ್ನ ಭುಜ ಹಿಡಿದಿದ್ದಳು. ಸ್ಟುಡಿಯೋದ ಮುಂದೆ ಅವಳ ಕಾಲು ನಿಂತವು. ಗಾಜಿನ ಹಿಂದೆ, ಮದುಮಕ್ಕಳು ಮತ್ತು ದಿಂಬಿಗೆ ಒರಗಿಸಿದ ಕೂಸುಗಳ ನಡುವೆ, ಗೋಡೆಯಷ್ಟಗಲ ಒಂದು ಫೋಟೋ. ತಲೆ ತಗ್ಗಿಸಿದ ಕಾಡುಕೋಣ, ಅದರ ಮುಂದೆ ಅಂಗೈ ಎತ್ತಿದ ಹಸಿರು ಸೀರೆ. ಸ್ಟುಡಿಯೋದವನು ತನ್ನ ಬಳಿ ಉಳಿದಿದ್ದ ನೆಗೆಟಿವ್‌ನಿಂದ, ನನ್ನನ್ನು ಒಂದು ಮಾತೂ ಕೇಳದೆ, ದೊಡ್ಡದು ಮಾಡಿ ತೂಗುಹಾಕಿದ್ದ.

“ಏ, ಇದು ನಾ ಅಲ್ಲೇನು?” ಎಂದಳು ಅವ್ವ. ಅವಳ ಮುಖ ಅರಳಿತು. ಗಾಜಿಗೆ ಮೂಗು ಹಚ್ಚಿ ನೋಡಿದಳು. “ಖರೇನ ನಾನೇ. ಎಷ್ಟ ದೊಡ್ಡದಿತ್ತು ನೋಡು ಹಾಳಾದ್ದು. ಯಾರು ತೆಗದಾರ ಇದನ್ನ?”

ನಾನು ಅವಳ ತೋಳು ಎಳೆದೆ. ಅಷ್ಟರಲ್ಲಿ ಸ್ಟುಡಿಯೋದವನು ಹೊರಗೆ ಬಂದ. ಬಹಳ ಒಳ್ಳೆಯ ಮನುಷ್ಯ, ಅದೇ ನನ್ನ ಗ್ರಹಚಾರ.

“ಬರ್ರಿ ಟೀಚರ್, ಬರ್ರಿ. ಇವರೇ ಏನ್ರಿ ಅವರು? ಬರ್ರಿ ಅಮ್ಮ, ಕುಂದರ್ರಿ. ನೋಡಿದವರೆಲ್ಲ ನಿಂತು ಕೇಳ್ತಾರ. ನಾ ಎಲ್ಲಾರಿಗೂ ಹೇಳೀನಿ, ನಮ್ಮ ಟೀಚರ್ ತಗದದ್ದು ಅಂತ.”

ಅವ್ವ ನನ್ನ ಕಡೆ ನೋಡಿದಳು. ಬರಿ ನೋಡಿದಳು, ಇನ್ನೂ ಏನೂ ತಿಳಿದಿರಲಿಲ್ಲ. ಅವನು ಒಳಗಿನಿಂದ ಮೂರು ಫೋಟೋ ತಂದು ಗಾಜಿನ ಮೇಜಿನ ಮೇಲೆ ಸಾಲಾಗಿ ಇಟ್ಟ.

“ಒಂದಲ್ಲರಿ ಅಮ್ಮ, ಮೂರು ಅದಾವ. ನೋಡ್ರಿ, ಇಲ್ಲಿ ನಿಮ್ಮ ಸೆರಗಿನ ತುದಿ ಅಷ್ಟೇ ಬಂದದ. ಇಲ್ಲಿ ನೀವು ನಡದೀರಿ. ಇಲ್ಲಿ ಕೈ ಎತ್ತೀರಿ. ಒಂದಾದ ಮ್ಯಾಲ ಒಂದು ರೀಲು ಎಳದು ತಗದಾರ. ಇಪ್ಪತ್ತು ವರ್ಷದಿಂದ ನಾ ಇದೇ ಕೆಲಸ ಮಾಡಾಕತ್ತೀನಿ, ನನಗ ಆಗ್ತಿರಲಿಲ್ಲ. ನೋಡ್ರಿ ಬೇಕಾದ್ರ, ಟೀಚರ್ ಕೈ ಒಂಚೂರೂ ಅಲ್ಲಾಡಿಲ್ಲ.”

ಅವ್ವ ಬಾಗಿ ಮೊದಲನೆಯದನ್ನು ನೋಡಿದಳು. ಎರಡನೆಯದನ್ನು ನೋಡಿದಳು. ಮೂರನೆಯದರ ಮೇಲೆ ಬೆರಳಿಟ್ಟಳು. ನನ್ನ ಭುಜದ ಮೇಲಿದ್ದ ಅವಳ ಇನ್ನೊಂದು ಕೈ ಯಾವಾಗ ಇಳಿದಿತ್ತೋ ನನಗೆ ತಿಳಿಯಲಿಲ್ಲ. ಅವಳು ಬೈಯಲಿ ಎಂದು ನಾನು ಕಾದೆ. ಬಸ್ಸು ತುಂಬ ಗಂಡಸರನ್ನು ಬೈದವಳು ನನ್ನನ್ನೂ ಬೈಯಲಿ ಎಂದು ಕಾದೆ.

“ಒಂಚೂರರೆ ಅಲ್ಲಾಡಬೇಕಾಗಿತ್ತು” ಎಂದಳು ಮೆಲ್ಲಗೆ.

ಸ್ಟುಡಿಯೋದವನಿಗೆ ಅರ್ಥವಾಗಲಿಲ್ಲ. “ಅಲ್ಲಾಡಿದ್ರ ಫೋಟೋ ಕೆಡ್ತದರಿ ಅಮ್ಮ” ಎಂದ.

“ಕೆಡಬೇಕಾಗಿತ್ತಪಾ” ಎಂದಳು ಅವ್ವ.